ಕ್ಷಾರದ ಊಟ: ಎದೆಯುರಿ ಇರುವವರು ಬಟ್ಟಲು ಬದಲಿಸುವ ಮೊದಲು ಓದಬೇಕಾದದ್ದು

"ಅಸಿಡಿಟಿಗೆ ಆಲ್ಕಲೈನ್ ಡಯಟ್ ಮಾಡಬಹುದಾ?" ಅಡುಗೆ ಬಗ್ಗೆ ಏನು ಬರೆದರೂ ಕೊನೆಗೆ ಈ ಪ್ರಶ್ನೆ ಬಂದೇ ಬರುತ್ತದೆ. ಆಲ್ಕಲೈನ್ ಡಯಟ್ ಎಂದರೆ ಕ್ಷಾರದ ಊಟ: ಸೊಪ್ಪು, ತರಕಾರಿ, ಹಣ್ಣು ಹೆಚ್ಚು, ಮೀನು, ಮಾಂಸ, ಧಾನ್ಯ ಕಡಿಮೆ. ಹೀಗೆ ಉಂಡರೆ ದೇಹದ ಆಮ್ಲ ಇಳಿಯುತ್ತದೆ ಎನ್ನುವುದು ಅದನ್ನು ಹೇಳುವವರ ಮಾತು. ಕಾರವಾರದವರಿಗೆ ಮೀನು ಬಿಡಬೇಕಾ ಎನ್ನುವ ಚಿಂತೆ. ಶಿರಸಿ ಕಡೆಯವರಿಗೆ ಅಪ್ಪೆಹುಳಿಯದ್ದು, ಅಂದರೆ ಮಾವಿನಕಾಯಿಯ ಹುಳಿ ಸಾರಿನದ್ದು. ಕುಮಟೆಯ ಒಬ್ಬರಂತೂ ನೀರನ್ನು ಕ್ಷಾರ ಮಾಡುವ ಯಂತ್ರದ ಫೋಟೋ ಕಳಿಸಿ, "ಇದು ತಗೊಂಡ್ರೆ ಊಟ ಬದಲಿಸೋದು ತಪ್ಪುತ್ತಾ?" ಎಂದು ಕೇಳಿದ್ದರು. ಒಬ್ಬೊಬ್ಬರಿಗೆ ಬೇರೆ ಬೇರೆ ಬರೆದು ಸಾಕಾಗಿದೆ. ಎಲ್ಲ ಇಲ್ಲೇ ಒಟ್ಟಿಗೆ ಹೇಳಿಬಿಡುತ್ತೇನೆ.

ಉತ್ತರ ಮೊದಲೇ ಹೇಳಿಬಿಡಲಾ? ಈ ಊಟ ಮಾಡಬಹುದು, ಹೆಚ್ಚಿನವರಿಗೆ ಒಳ್ಳೆಯದೇ. ಆದರೆ ಇದರಿಂದ ನಿಮ್ಮ ರಕ್ತ ಕ್ಷಾರ ಆಗುವುದಿಲ್ಲ. ಎದೆಯುರಿಗೂ ಇದೊಂದೇ ಮದ್ದಲ್ಲ. ಯಂತ್ರ ಬೇಡ. ಮೀನು ಬಿಡುವುದೂ ಬೇಡ.

ನಾನು ಡಾಕ್ಟರ್ ಅಲ್ಲ. ಘಟ್ಟದ ಮೇಲೆ ಬೆಳೆದು ಘಟ್ಟದ ಕೆಳಗೆ ಸಂಸಾರ ಮಾಡುತ್ತಿರುವವರಲ್ಲಿ ಒಬ್ಬರು. ಹಾಗಾಗಿ ತಂಬುಳಿಯೂ ಗೊತ್ತು, ಬಂಗಡೆಯೂ ಗೊತ್ತು.

ಶುರು ಮಾಡುವ ಮೊದಲು ನಾಲ್ಕು ಮಾತು

ಪಿಎಚ್ ಎಂದರೆ ಹುಳಿ–ಕ್ಷಾರ ಅಳೆಯುವ ಒಂದು ಪಟ್ಟಿ. 7 ಎಂದರೆ ನಡುವೆ. ಅದಕ್ಕಿಂತ ಕೆಳಗೆ ಹೋದರೆ ಆಮ್ಲ, ಮೇಲೆ ಹೋದರೆ ಕ್ಷಾರ. ಒಂದು ಮೆಟ್ಟಿಲು ಇಳಿದರೆ ಆಮ್ಲ ಹತ್ತು ಪಟ್ಟು ಜಾಸ್ತಿ ಆಯಿತು ಎಂದು ಲೆಕ್ಕ.

ಜನ "ಬಾಡಿ ಅಸಿಡಿಕ್ ಆಗಿದೆ" ಎನ್ನುವಾಗ ಮೂರು ಬೇರೆ ಬೇರೆ ಜಾಗಗಳನ್ನು ಒಂದೇ ಪಾತ್ರೆಗೆ ಹಾಕಿ ಕಲಸುತ್ತಾರೆ. ಮೊದಲನೆಯದು ಹೊಟ್ಟೆ. ಅಲ್ಲಿ ಪಿಎಚ್ 1.5ರಿಂದ 3.5ರ ತನಕ ಇರುತ್ತದೆ. ಅಲ್ಲಿ ಆಮ್ಲ ಇರಲೇಬೇಕು, ಇಲ್ಲದಿದ್ದರೆ ತಿಂದದ್ದು ಜೀರ್ಣ ಆಗುವುದಿಲ್ಲ, ಒಳಗೆ ಹೋದ ಕ್ರಿಮಿಗಳೂ ಸಾಯುವುದಿಲ್ಲ. ಎರಡನೆಯದು ರಕ್ತ. ಅದು ಯಾವಾಗಲೂ 7.35ರಿಂದ 7.45ರ ಒಳಗೇ ಇರಬೇಕು. ಶ್ವಾಸಕೋಶ ಇಂಗಾಲದ ಡೈಆಕ್ಸೈಡ್ ಹೊರಗೆ ಹಾಕುತ್ತದೆ, ಕಿಡ್ನಿ ಆಮ್ಲವನ್ನು ಮೂತ್ರದಲ್ಲಿ ಕಳಿಸುತ್ತದೆ. ಇವೆರಡು ಸರಿ ಇರುವ ತನಕ ನೀವು ಬಸಳೆ ತಿಂದರೂ ಬಂಗಡೆ ತಿಂದರೂ ರಕ್ತ ಆ ಗೆರೆ ದಾಟುವುದಿಲ್ಲ. ದಾಟಿತು ಎಂದರೆ ಅದು ಆಸ್ಪತ್ರೆಗೆ ಓಡುವ ಕಾಯಿಲೆ, ಊಟದಲ್ಲಿ ಸರಿಪಡಿಸುವುದಲ್ಲ. ಮೂರನೆಯದು ಮೂತ್ರ. ಅದು ಮಾತ್ರ ಸುಮಾರು 4.5ರಿಂದ 8ರ ತನಕ ಊಟದ ಪ್ರಕಾರ ಮೇಲೆ ಕೆಳಗೆ ಆಗುತ್ತಲೇ ಇರುತ್ತದೆ. ಕ್ಷಾರದ ಊಟದಿಂದ ಕಣ್ಣಿಗೆ ಕಾಣುವಂತೆ ಬದಲಾಗುವುದು ಇದೊಂದೇ.

ಹಾಗಾದರೆ ಈ ಊಟದ ಲಾಭ ಏನು? ಕಿಡ್ನಿಗೆ ದಿನಾ ಹೊರಗೆ ಹಾಕಬೇಕಾದ ಆಮ್ಲದ ಹೊರೆ ಕಡಿಮೆ ಆಗುತ್ತದೆ. ಜೊತೆಗೆ ಬಟ್ಟಲಲ್ಲಿ ಸೊಪ್ಪು, ತರಕಾರಿ, ಹಣ್ಣು ಹೆಚ್ಚುತ್ತದೆ, ನಾರು ಹೆಚ್ಚುತ್ತದೆ. ನನ್ನ ಕೇಳಿದರೆ ದೊಡ್ಡ ಲಾಭ ಎರಡನೆಯದೇ.

"ಕ್ಷಾರ ಉಳಿಸುವ ಆಹಾರ" ಎನ್ನುವ ಮಾತು ಬಂದದ್ದು ಬೂದಿಯಿಂದ. ನಮ್ಮ ಅಜ್ಜಿಯರು ಒಲೆ ಬೂದಿಯಲ್ಲಿ ಪಾತ್ರೆ ತಿಕ್ಕುತ್ತಿದ್ದರು, ಅಲ್ವಾ? ಕಟ್ಟಿಗೆ ಉರಿದ ಮೇಲೆ ಉಳಿಯುವ ಪೊಟ್ಯಾಶಿಯಂ ಕ್ಷಾರ ನೀರು ಸೇರಿದರೆ ಜಾರುತ್ತದೆ, ಜಿಡ್ಡು ತೆಗೆಯುತ್ತದೆ. ಆಹಾರವನ್ನೂ ಹೀಗೆ ಸುಟ್ಟು, ಉಳಿದ ಬೂದಿ ಆಮ್ಲವೋ ಕ್ಷಾರವೋ ಎಂದು ಹಿಂದಿನ ವಿಜ್ಞಾನಿಗಳು ನೋಡುತ್ತಿದ್ದರು. ಸೊಪ್ಪು, ಹಣ್ಣುಗಳಲ್ಲಿ ಪೊಟ್ಯಾಶಿಯಂ, ಮೆಗ್ನೀಶಿಯಂ ಜಾಸ್ತಿ, ಹಾಗಾಗಿ ಕ್ಷಾರ. ಮೀನು, ಮೊಟ್ಟೆ, ಧಾನ್ಯಗಳಲ್ಲಿ ಗಂಧಕ ಇರುವ ಪ್ರೋಟೀನ್, ರಂಜಕ ಜಾಸ್ತಿ, ಹಾಗಾಗಿ ಆಮ್ಲ.

ಇದರಿಂದಲೇ ಒಂದು ವಿಚಿತ್ರ ಗೊತ್ತಾಗುತ್ತದೆ. ನಿಂಬೆಹಣ್ಣು ನಾಲಿಗೆಗೆ ಹುಳಿ, ಆದರೆ ದೇಹದಲ್ಲಿ ಉಳಿಸುವುದು ಕ್ಷಾರ. ಅದರ ಹುಳಿ ಒಳಗೆ ಉರಿದುಹೋಗುತ್ತದೆ, ಪೊಟ್ಯಾಶಿಯಂ ಉಳಿಯುತ್ತದೆ. ಅನ್ನಕ್ಕೆ ಹುಳಿಯೇ ಇಲ್ಲ, ಆದರೆ ಅದು ಸ್ವಲ್ಪ ಆಮ್ಲ ಉಳಿಸುತ್ತದೆ. ನಾಲಿಗೆಯ ಹುಳಿ ಬೇರೆ, ದೇಹದಲ್ಲಿ ಉಳಿಯುವ ಆಮ್ಲ ಬೇರೆ. ಇಷ್ಟು ತಲೆಗೆ ಹೋದರೆ ಅರ್ಧ ಗೊಂದಲ ಮುಗಿಯಿತು.

ಏನೇನು ಬೇಕು

ಒಂದು ಹಳೇ ನೋಟ್‌ಪುಸ್ತಕ. ಅಡುಗೆಮನೆಯ ತೂಕದ ಯಂತ್ರ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಒಂದೇ ಅಳತೆಯ ಬಟ್ಟಲು ಸಾಕು. ಕಳೆದ ಒಂದು ವರ್ಷದೊಳಗಿನ ರಕ್ತ ಪರೀಕ್ಷೆಯ ಚೀಟಿ, ಅದರಲ್ಲಿ ಕ್ರಿಯಾಟಿನಿನ್ ಮತ್ತು ಪೊಟ್ಯಾಶಿಯಂ ಇರಲಿ. ಕ್ರಿಯಾಟಿನಿನ್ ಎಂದರೆ ಕಿಡ್ನಿ ಹೊರಗೆ ಹಾಕಬೇಕಾದ ಒಂದು ಕಸ. ಅದು ರಕ್ತದಲ್ಲಿ ಜಾಸ್ತಿ ಇದ್ದರೆ ಕಿಡ್ನಿ ಹಿಂದೆ ಬಿದ್ದಿದೆ ಎಂದು ಅರ್ಥ. ಪಿಎಚ್ ನೋಡುವ ಕಾಗದದ ಪಟ್ಟಿ, ಪುಡಿ, ಹನಿ, ಯಂತ್ರ ಯಾವುದೂ ಬೇಕಿಲ್ಲ.

ಯಾರು ಡಾಕ್ಟರನ್ನು ಕೇಳದೆ ಶುರು ಮಾಡಬಾರದು

ಕಿಡ್ನಿ ತೊಂದರೆ ಇರುವವರು. ಇದನ್ನು ಎಲ್ಲಕ್ಕಿಂತ ಗಟ್ಟಿಯಾಗಿ ಹೇಳುತ್ತೇನೆ. ಕಿಡ್ನಿ ಸೋತವರ ರಕ್ತದಲ್ಲಿ ನಿಜವಾಗಿಯೂ ಆಮ್ಲ ಸೇರಿಕೊಳ್ಳುತ್ತದೆ. ಅದಕ್ಕೆ ಡಾಕ್ಟರೇ ತರಕಾರಿ–ಹಣ್ಣು ಹೆಚ್ಚಿಸಲು ಹೇಳುವುದೂ ಉಂಟು, ಸೋಡಾ ಮಾತ್ರೆ ಕೊಡುವುದೂ ಉಂಟು. ಆದರೆ ಅದೇ ಕಿಡ್ನಿಗೆ ಪೊಟ್ಯಾಶಿಯಂ ಹೊರಗೆ ಹಾಕಲೂ ಆಗುವುದಿಲ್ಲ. ಪೊಟ್ಯಾಶಿಯಂ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ದಿನಾ ಎರಡು ಎಳನೀರು, ನಾಲ್ಕು ಬಾಳೆಹಣ್ಣು, ಒಂದು ಬಟ್ಟಲು ಸೊಪ್ಪು ಎನ್ನುವುದು ಅವರಿಗೆ ಅಪಾಯ. ಎಷ್ಟು, ಯಾವುದು ಎನ್ನುವುದು ರಕ್ತ ಪರೀಕ್ಷೆ ನೋಡಿಯೇ ನಿಶ್ಚಯ ಆಗಬೇಕು.

ಬಿಪಿಗೆ ಟೆಲ್ಮಿಸಾರ್ಟನ್, ರಾಮಿಪ್ರಿಲ್ ಥರದ ಮಾತ್ರೆ ಅಥವಾ ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುವವರೂ ಕೇಳಿಯೇ ಮುಂದೆ ಹೋಗಿ. ಇವು ಪೊಟ್ಯಾಶಿಯಂ ಅನ್ನು ದೇಹದಲ್ಲೇ ಹಿಡಿದಿಡುತ್ತವೆ. ಅಂಗಡಿಯಲ್ಲಿ ಸಿಗುವ "ಕಡಿಮೆ ಸೋಡಿಯಂ" ಉಪ್ಪಿನಲ್ಲೂ ಸಾಮಾನ್ಯವಾಗಿ ಪೊಟ್ಯಾಶಿಯಂ ಸೇರಿಸಿರುತ್ತಾರೆ.

ಕಿಡ್ನಿಯಲ್ಲಿ ಕಲ್ಲು ಆದವರು ಯಾವ ಕಲ್ಲು ಎಂದು ತಿಳಿದುಕೊಳ್ಳಿ. ಯೂರಿಕ್ ಆಮ್ಲದ ಕಲ್ಲಿಗೆ ಮೂತ್ರ ಕ್ಷಾರ ಆದರೆ ಒಳ್ಳೆಯದು. ಕ್ಯಾಲ್ಸಿಯಂ ಫಾಸ್ಫೇಟ್ ಕಲ್ಲಿಗೆ ಅದೇ ಕೆಟ್ಟದ್ದು. ಸಕ್ಕರೆ ಕಾಯಿಲೆಯವರು ಹಣ್ಣಿನ ಲೆಕ್ಕ ಇಟ್ಟುಕೊಳ್ಳಿ.

1. ನಿಮ್ಮದು ಯಾವ "ಅಸಿಡಿಟಿ" ಎಂದು ಮೊದಲು ನೋಡಿ

ನಮ್ಮ ಕಡೆ ಎದೆ ಉರಿದರೂ "ಪಿತ್ತ", ತಲೆ ಸುತ್ತಿದರೂ "ಪಿತ್ತ", ಹೊಟ್ಟೆ ಉಬ್ಬಿದರೆ "ಗ್ಯಾಸ್ಟ್ರಿಕ್". ಇದೆಲ್ಲ ಒಂದೇ ಅಲ್ಲ.

ಊಟ ಆಗಿ ಮಲಗಿದರೆ ಎದೆ ನಡುವೆ ಉರಿ, ಗಂಟಲ ತನಕ ಹುಳಿತೇಗು ಬರುತ್ತದಾ? ಹೊಟ್ಟೆಯ ಆಮ್ಲ ಅನ್ನನಾಳಕ್ಕೆ ಮೇಲೇರುತ್ತಿದೆ. ಅನ್ನನಾಳದ ಕೆಳತುದಿಯಲ್ಲಿ ಒಂದು ಬಿಗಿ ಇದೆ, ಚೀಲದ ಬಾಯಿಗೆ ದಾರ ಎಳೆದ ಹಾಗೆ. ಅದು ಸಡಿಲ ಆದಾಗ ಹೀಗಾಗುತ್ತದೆ. ಹೆಚ್ಚಿನವರಲ್ಲಿ ತೊಂದರೆ ಆಮ್ಲ ಜಾಸ್ತಿ ಆದದ್ದಲ್ಲ, ಆಮ್ಲ ಇರಬಾರದ ಜಾಗಕ್ಕೆ ಬಂದದ್ದು. ಇವರಿಗೆ ಈ ಲೇಖನದ 5ನೇ ಹಂತ ಮುಖ್ಯ.

ಹಸಿದಾಗ ಹೊಟ್ಟೆಯ ಮೇಲ್ಭಾಗದಲ್ಲಿ ಕೊರೆಯುವ ನೋವು, ತಿಂದರೆ ಕಡಿಮೆ ಆಗುವುದು, ಇದು ಹುಣ್ಣು ಇರಬಹುದು. ಹೊಟ್ಟೆಯ ಹುಣ್ಣಿಗೆ ಖಾರ, ಚಿಂತೆ ಕಾರಣ ಎಂದು ಬಹಳ ಕಾಲ ನಂಬಿದ್ದರು. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯ ಇದರ ದೊಡ್ಡ ಕಾರಣ ಎಂದು ತೋರಿಸಿದ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಇಬ್ಬರಿಗೆ 2005ರಲ್ಲಿ ನೊಬೆಲ್ ಬಂತು. ಇನ್ನೊಂದು ಕಾರಣ ಸೊಂಟನೋವು, ಮಂಡಿನೋವಿಗೆ ದಿನಾ ನುಂಗುವ ನೋವಿನ ಮಾತ್ರೆ. ಬ್ಯಾಕ್ಟೀರಿಯಕ್ಕೆ ಬೇಕಾದದ್ದು ಆ್ಯಂಟಿಬಯೋಟಿಕ್. ಒಂದೆಲಗದ ತಂಬುಳಿ ಎಷ್ಟು ಕುಡಿದರೂ ಅದು ಹೋಗುವುದಿಲ್ಲ.

ಇವು ಯಾವುದೂ ಇಲ್ಲ, ಸುಮ್ನೆ ಊಟ ಸುಧಾರಿಸಿಕೊಳ್ಳಬೇಕು ಎನ್ನುವವರು ನೇರವಾಗಿ 2ಕ್ಕೆ ಹೋಗಿ.

ಈ ಕೆಳಗಿನದರಲ್ಲಿ ಒಂದು ಇದ್ದರೂ ಮನೆಮದ್ದು ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ: ನುಂಗುವಾಗ ಸಿಕ್ಕಿಹಾಕಿಕೊಂಡಂತೆ ಆಗುವುದು, ಡಾಂಬರಿನಂಥ ಕಪ್ಪು ಮಲ, ರಕ್ತ ವಾಂತಿ, ಕಾರಣ ಇಲ್ಲದೆ ತೂಕ ಇಳಿಯುವುದು. ಎದೆ ಹಿಂಡಿದ ಹಾಗೆ ಆಗಿ, ಬೆವರು ಬಂದು, ನೋವು ಎಡಗೈಗೋ ದವಡೆಗೋ ಹರಿದರೆ "ಗ್ಯಾಸ್ ಇರ್ಬೇಕು" ಎಂದು ಸೋಡಾ ಕುಡಿದು ಕೂರಬೇಡಿ. 108ಕ್ಕೆ ಫೋನ್ ಮಾಡಿ.

2. ಒಂದು ವಾರ ಏನೂ ಬದಲಿಸದೆ ಬರೆದಿಡಿ

ಎಲ್ಲರೂ ಹಾರಿಸಿಬಿಡುವ ಹಂತ ಇದು. ಏನು ತಿಂದಿರಿ, ಎಷ್ಟು ಗಂಟೆಗೆ, ಯಾವಾಗ ಮಲಗಿದಿರಿ, ಯಾವಾಗ ಉರಿಯಿತು, ಇಷ್ಟೇ. ಚಹಾ, ಕವಳ (ಎಲೆ-ಅಡಿಕೆ), ಬೀಡಿ, ರಾತ್ರಿ ತಿಂದ ಚಕ್ಕುಲಿ ಎಲ್ಲ ಬರಬೇಕು. ವಾರ ಆದ ಮೇಲೆ ನೀವೇ ಓದಿ. ಮೀನಿನ ಮೇಲೆ ಅನುಮಾನ ಪಟ್ಟವರ ಪುಸ್ತಕದಲ್ಲಿ ಕಳ್ಳ ರಾತ್ರಿ ಹತ್ತರ ಊಟ ಆಗಿರುತ್ತದೆ. ನಾನೂ ಹೀಗೆ ಬರೆದೇ ನನ್ನ ಸಂಜೆಯ ಮೂರನೇ ಚಹಾವನ್ನು ಹಿಡಿದದ್ದು.

3. ಯಾವುದು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂದು ತಿಳಿದುಕೊಳ್ಳಿ

ಬೂದಿಯ ಲೆಕ್ಕ ಈಗ ಹಳತು. 1995ರಲ್ಲಿ ಜರ್ಮನಿಯ ಥಾಮಸ್ ರೆಮರ್ ಮತ್ತು ಫ್ರೀಡ್ರಿಶ್ ಮಾನ್ಟ್ಸ್ ಎಂಬ ಇಬ್ಬರು ಪ್ರೋಟೀನ್, ರಂಜಕ, ಪೊಟ್ಯಾಶಿಯಂ, ಮೆಗ್ನೀಶಿಯಂ, ಕ್ಯಾಲ್ಸಿಯಂ ಐದನ್ನೂ ಸೇರಿಸಿ ಒಂದು ಲೆಕ್ಕ ಕೊಟ್ಟರು. ಅದಕ್ಕೆ ಪ್ರಾಲ್ ಎನ್ನುತ್ತಾರೆ. ಒಂದು ಆಹಾರದಿಂದ ಕಿಡ್ನಿಯ ಮೇಲೆ ಬೀಳಬಹುದಾದ ಆಮ್ಲದ ಹೊರೆ ಎಂದು ಅರ್ಥ. ಅಂಕಿಯ ಮುಂದೆ ಕೂಡು ಚಿಹ್ನೆ ಇದ್ದರೆ ಆಮ್ಲ, ಕಳೆ ಚಿಹ್ನೆ ಇದ್ದರೆ ಕ್ಷಾರ. ಎಲ್ಲ ಅಂಕಿ 100 ಗ್ರಾಂಗೆ.

ಅವರ ಪಟ್ಟಿಯಲ್ಲಿ ಮೀನಿಗೆ ಸರಾಸರಿ +7.9. ಮಾಂಸಕ್ಕೆ +9.5. ಇಡೀ ಮೊಟ್ಟೆಗೆ +8.2, ಬರೀ ಹಳದಿಗೆ +23.4. ಬಿಳಿ ಅಕ್ಕಿಗೆ +4.6. ಶೇಂಗಾಕ್ಕೆ +8.3. ಗಟ್ಟಿ ಚೀಸ್ ಎಲ್ಲರಿಗಿಂತ ಮೇಲೆ, ಪಾರ್ಮೆಸಾನ್‌ಗೆ +34.2. ನಮ್ಮ ಊಟದಲ್ಲಿ ಅದು ಇಲ್ಲವೇ ಇಲ್ಲ, ಬಿಡಿ. ಹಾಲು +0.7, ಮೊಸರು +1.5, ಅಂದರೆ ಹೆಚ್ಚುಕಡಿಮೆ ನಡುವೆ. ಎಣ್ಣೆ ಸೊನ್ನೆ. ಆ ಕಡೆ ತರಕಾರಿ ಸರಾಸರಿ −2.8, ಹಣ್ಣು −3.1, ಬಾಳೆಹಣ್ಣು −5.5, ಆಲೂಗಡ್ಡೆ −4.0, ಪಾಲಕ್ −14.0, ಒಣದ್ರಾಕ್ಷಿ −21.0, ನಿಂಬೆರಸ −2.5.

ಈಗ ಸ್ವಾರಸ್ಯ ನೋಡಿ. ಅದೇ ಪಟ್ಟಿಯಲ್ಲಿ ಕಾಫಿ −1.4. ಕಾಫಿ ಕ್ಷಾರ! ಆದರೆ ಎದೆಯುರಿ ಇರುವ ಎಷ್ಟೋ ಜನರಿಗೆ ಕಾಫಿ ಕುಡಿದರೆ ಉರಿ ಏಳುತ್ತದೆ. ಅಕ್ಕಿ ಆಮ್ಲದ ಕಡೆ. ಆದರೆ ಹೊಟ್ಟೆ ಕೆಟ್ಟಾಗ ನಮ್ಮನ್ನು ಕಾಯುವುದು ಗಂಜಿಯೇ. ಕಿಡ್ನಿಯ ಪಟ್ಟಿ ಬೇರೆ, ಎದೆಯುರಿಯ ಪಟ್ಟಿ ಬೇರೆ. ಒಂದನ್ನು ಹಿಡಿದು ಇನ್ನೊಂದಕ್ಕೆ ಮದ್ದು ಮಾಡಲು ಹೋದವರೇ ಬಹಳ ಜನ.

ಇನ್ನೊಂದು ಜಾರುವ ಜಾಗ ಇದೆ. ತವಡು ಇರುವ ಕಂದು ಅಕ್ಕಿಗೆ ಈ ಪಟ್ಟಿಯಲ್ಲಿ +12.5 ಇದೆ, ಬಿಳಿ ಅಕ್ಕಿಗಿಂತ ಜಾಸ್ತಿ. ತವಡಿನಲ್ಲಿ ರಂಜಕ ಇರುವುದು ಕಾರಣ. ಅಷ್ಟಕ್ಕೇ ಕೆಂಪು ಕುಚ್ಚಲಕ್ಕಿ ಬಿಟ್ಟು ಪಾಲಿಶ್ ಅಕ್ಕಿಗೆ ಹೋಗಬೇಡಿ. ತವಡಿನ ರಂಜಕದಲ್ಲಿ ದೊಡ್ಡ ಪಾಲು ದೇಹಕ್ಕೆ ಸೇರುವುದೇ ಇಲ್ಲ, ಅದರ ನಾರು ಮಾತ್ರ ಬಹಳ ಉಪಯೋಗ. ಅಂಕಿ ದಾರಿ ತೋರಿಸಲಿ, ನಿಮ್ಮನ್ನು ಆಳುವುದು ಬೇಡ.

4. ಬಟ್ಟಲು ಬದಲಿಸಿ

ಒಂದು ಸಣ್ಣ ಲೆಕ್ಕ ಮಾಡೋಣ. ಮಧ್ಯಾಹ್ನ 100 ಗ್ರಾಂ ಅಕ್ಕಿಯ ಅನ್ನ, 100 ಗ್ರಾಂ ಮೀನು. 4.6ಕ್ಕೆ 7.9 ಕೂಡಿದರೆ +12.5. ಎದುರಿಗೆ 200 ಗ್ರಾಂ ತರಕಾರಿ, 200 ಗ್ರಾಂ ಹಣ್ಣು ಇಡಿ. 5.6 ಮತ್ತು 6.2, ಒಟ್ಟು −11.8. ತಕ್ಕಡಿ ಹೆಚ್ಚುಕಡಿಮೆ ಸಮ ಆಯಿತು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಕಡಿಮೆ ಎಂದರೆ 400 ಗ್ರಾಂ ಹಣ್ಣು–ತರಕಾರಿ ತಿನ್ನಿ ಎನ್ನುವುದೂ ಇಷ್ಟೇ. ಆದರೆ ರಾತ್ರಿ ಮತ್ತೆ ಅನ್ನ, ಬೆಳಿಗ್ಗೆ ದೋಸೆ ಇದೆಯಲ್ಲ? ಹಾಗಾಗಿ 400ಕ್ಕೆ ನಿಲ್ಲದೆ ಸ್ವಲ್ಪ ಮುಂದೆ ಹೋದರೆ ಒಳ್ಳೆಯದು.

ನಮ್ಮ ತೊಂದರೆ ಎಲ್ಲಿದೆ ಎಂದರೆ, ಕರಾವಳಿಯ ಬಟ್ಟಲಲ್ಲಿ ಅನ್ನ ಗುಡ್ಡ, ಮೀನು ಸಾರು ಹೊಳೆ, ಪಲ್ಯ ಮಾತ್ರ ಉಪ್ಪಿನಕಾಯಿಯಷ್ಟು. ಘಟ್ಟದ ಮೇಲೂ ಅಷ್ಟೇ, ಹುಳಿಯ ತಳದಲ್ಲಿ ಎರಡು ಹೋಳು ಮೊಗೆಕಾಯಿ ಸಿಕ್ಕರೆ ತರಕಾರಿ ತಿಂದೆವು ಎಂದು ಲೆಕ್ಕ. ಅದನ್ನು ತಿರುಗಿಸಿ. ಬಟ್ಟಲ ಅರ್ಧ ಮೊದಲು ತರಕಾರಿಗೆ ಕೊಟ್ಟುಬಿಡಿ, ಉಳಿದ ಅರ್ಧದಲ್ಲಿ ಅನ್ನ ಮತ್ತು ಮೀನು ಅಥವಾ ಬೇಳೆ. ಅನ್ನ ಮೊದಲು ಬಡಿಸಿಕೊಂಡರೆ ಈ ಕೆಲಸ ಆಗುವುದಿಲ್ಲ. ನಾನು ಪ್ರಯತ್ನಿಸಿ ಸೋತಿದ್ದೇನೆ.

ಸಾಮಾನು ಹುಡುಕಿಕೊಂಡು ದೂರ ಹೋಗುವುದು ಬೇಡ. ಬ್ರೊಕೋಲಿ, ಕೇಲ್, ಆವಕಾಡೊ ಇಲ್ಲದೆಯೇ ಎಲ್ಲ ಆಗುತ್ತದೆ. ಕಾರವಾರದ ಭಾನುವಾರದ ಸಂತೆಗೆ ಬೆಳಿಗ್ಗೆ ಹೋಗಿ. ಅಂಕೋಲೆ, ಕುಮಟೆ ಪೇಟೆಯಲ್ಲಿ ಹಾಲಕ್ಕಿ ಹೆಂಗಸರ ಬುಟ್ಟಿ ನೋಡಿ. ಹರಿವೆ, ಬಸಳೆ, ಸೌತೆ, ಹೀರೆ, ಪಡವಲ, ಬದನೆ, ಮೂಲಂಗಿ, ಗೆಣಸು ಎಲ್ಲ ಇದೆ. ಬೇಸಿಗೆಯಲ್ಲಿ ಕುಮಟೆಯ ಅಳ್ವೆಕೋಡಿ ಹತ್ತಿರ ಹೆದ್ದಾರಿ ಬದಿಗೆ ಜಡೆ ಹೆಣೆದು ನೇತುಹಾಕುವ ಸಿಹಿ ಈರುಳ್ಳಿ ಹಸಿಯಾಗಿ ತಿನ್ನಲು ಚೆನ್ನ. ಆದರೆ ಹಸಿ ಈರುಳ್ಳಿಯಿಂದ ಉರಿ ಬರುವವರು ಬೇಯಿಸಿಯೇ ತಿನ್ನಿ. ಶಿರಸಿ ಕಡೆಯವರಿಗೆ ಹಿತ್ತಲೇ ಸಂತೆ: ಒಂದೆಲಗ, ದೊಡ್ಡಪತ್ರೆ, ಬಾಳೆದಿಂಡು, ಬಾಳೆಹೂವು, ಹಲಸಿನ ಗುಜ್ಜೆ.

ತಂಬುಳಿ ಬಗ್ಗೆ ಎರಡು ಮಾತು ಹೆಚ್ಚು ಹೇಳುತ್ತೇನೆ, ಏಕೆಂದರೆ ಈ ಊಟಕ್ಕೆ ಇದಕ್ಕಿಂತ ಹೊಂದುವ ಅಡುಗೆ ನನಗೆ ಕಂಡಿಲ್ಲ. ಎಣ್ಣೆ ಕಡಿಮೆ, ಖಾರ ಕಡಿಮೆ, ಸೊಪ್ಪು, ಕಾಯಿ, ಮಜ್ಜಿಗೆ. ಮಜ್ಜಿಗೆ ಇರುವುದಕ್ಕೆ ಇನ್ನೊಂದು ಲಾಭವೂ ಇದೆ. ಹರಿವೆ, ಬಸಳೆ, ಪಾಲಕ್, ಕೆಸವಿನಲ್ಲಿ ಆಕ್ಸಲೇಟ್ ಜಾಸ್ತಿ. ಕಿಡ್ನಿ ಕಲ್ಲಿಗೆ ದಾರಿ ಮಾಡುವ ಒಂದು ವಸ್ತು ಅದು. ಮಜ್ಜಿಗೆಯ ಕ್ಯಾಲ್ಸಿಯಂ ಅದನ್ನು ಕರುಳಿನಲ್ಲೇ ಹಿಡಿದು ಹೊರಗೆ ಕಳಿಸುತ್ತದೆ. ಕಲ್ಲಿನ ಚರಿತ್ರೆ ಇರುವವರು ದಿನಾ ಸೊಪ್ಪು ಎನ್ನದೆ ಹೀರೆ, ಪಡವಲ, ಸೌತೆ, ಬಾಳೆದಿಂಡಿನ ಕಡೆ ವಾಲಿ. ತಂಬುಳಿಗೆ ಮಜ್ಜಿಗೆ ತೀರಾ ಹುಳಿ ಬೇಡ, ಆ ದಿನದ ಮೊಸರಿನದ್ದೇ ಆಗಲಿ.

ಒಂದು ದಿನ ಹೀಗಿರಬಹುದು. ಬೆಳಿಗ್ಗೆ ತೆಳ್ಳೇವು (ತೆಳು ದೋಸೆ) ಎರಡು, ಜೊತೆಗೆ ಚಟ್ನಿಯ ಬದಲು ಒಂದು ಬಟ್ಟಲು ಸೌತೆಕಾಯಿ ಹಸಿ. ಹತ್ತೂವರೆಗೆ ಎರಡು ಸಣ್ಣ ಬಾಳೆಹಣ್ಣು. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಹರಿವೆ ಪಲ್ಯ ಒಂದು ಬಟ್ಟಲು, ತಂಬುಳಿ, ಬಂಗಡೆ ಒಂದು ಅಥವಾ ತೊಗರಿ ಹಾಕಿದ ಹುಳಿ. ಸಂಜೆ ಪಪ್ಪಾಯಿ, ಇಲ್ಲವೇ ಬೇಯಿಸಿದ ಗೆಣಸು. ರಾತ್ರಿ ಎಂಟರ ಒಳಗೆ ಗಂಜಿ, ಬಾಳೆದಿಂಡಿನ ಪಲ್ಯ. ಮೇ ತಿಂಗಳಲ್ಲಿ ಅಂಕೋಲೆಯ ಕರಿ ಈಶಾಡ ಮಾವಿನಹಣ್ಣು ಸಿಕ್ಕರೆ ಬಾಳೆಹಣ್ಣಿನ ಜಾಗದಲ್ಲಿ ಅದು. ಈಶಾಡ ಬಿಟ್ಟು ಡಯಟ್ ಮಾಡಿ ಎನ್ನುವಷ್ಟು ಕಲ್ಲುಮನಸ್ಸು ನನಗಿಲ್ಲ.

ಒಮ್ಮೆಲೇ ಎಲ್ಲ ಬದಲಿಸಬೇಡಿ. ದಿಢೀರನೆ ನಾರು ಹೆಚ್ಚಾದರೆ ಹೊಟ್ಟೆ ಉಬ್ಬುತ್ತದೆ. ಮೊದಲ ವಾರ ಮಧ್ಯಾಹ್ನದ ಬಟ್ಟಲು ಮಾತ್ರ, ಆಮೇಲೆ ಉಳಿದದ್ದು.

ಮೀನಿನ ವಿಷಯ. ಪ್ರೋಟೀನ್ ಬೇಕು, ಅದರಲ್ಲೂ ಅರವತ್ತು ದಾಟಿದವರಿಗೆ. ಆಮ್ಲದ ಊಟ ಮಾಡಿದರೆ ಎಲುಬು ಕರಗಿ ಕ್ಯಾಲ್ಸಿಯಂ ಹೋಗುತ್ತದೆ ಎಂದು ಕೆಲವರು ಹೆದರಿಸುತ್ತಾರೆ. ಸರಿಯಾಗಿ ಮಾಡಿದ ಪರೀಕ್ಷೆಗಳಲ್ಲಿ ಆ ಮಾತಿಗೆ ಬಲ ಸಿಕ್ಕಿಲ್ಲ. ತಾರ್ಲೆ, ಬಂಗಡೆಯ ಒಳ್ಳೆ ಕೊಬ್ಬು ಬಿಟ್ಟುಕೊಡುವಂಥದ್ದಲ್ಲ. ಬದಲಿಸಬೇಕಾದದ್ದು ಅಡುಗೆಯ ರೀತಿ. ರವೆ ಹಚ್ಚಿ ಎಣ್ಣೆಯಲ್ಲಿ ಕರಿದದ್ದು ವಾರಕ್ಕೊಮ್ಮೆ ಸಾಕು, ಉಳಿದ ದಿನ ಸಾರು ಅಥವಾ ಸುಕ್ಕೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆ ಬಂದ್ ಇರುವಾಗ ಮನೆಯಲ್ಲಿ ಒಣಮೀನು ನಡೆಯುತ್ತದೆ. ಅದರಲ್ಲಿ ಉಪ್ಪು ವಿಪರೀತ. ನೆನೆಸಿ, ನೀರು ಎರಡು ಸಲ ಚೆಲ್ಲಿ, ಸ್ವಲ್ಪವೇ ತಿನ್ನಿ.

5. ಎದೆಯುರಿ ಇರುವವರಿಗೆ ಬೇರೆ ಕೆಲಸ

ಇಲ್ಲಿ ಆಹಾರಕ್ಕಿಂತ ಹೊತ್ತು ಮುಖ್ಯ. ಊಟಕ್ಕೂ ಮಲಗುವುದಕ್ಕೂ ನಡುವೆ ಮೂರು ಗಂಟೆ ಬಿಡಿ. ಮಧ್ಯಾಹ್ನ ಉಂಡ ಕೂಡಲೇ ಚಾಪೆ ಹಾಸುವ ನಮ್ಮ ಅಭ್ಯಾಸಕ್ಕೂ ಇದೇ ಮಾತು. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಆರರಿಂದ ಎಂಟು ಇಂಚಿನ ಹಲಗೆ ಇಡಿ. ಬರೀ ದಿಂಬು ಎರಡು ಮೂರು ಪೇರಿಸಿದರೆ ಹೊಟ್ಟೆ ಮಡಚಿ ಉರಿ ಜಾಸ್ತಿ ಆಗಬಹುದು. ಎಡ ಮಗ್ಗುಲಲ್ಲಿ ಮಲಗಿ. ಹೊಟ್ಟೆ ಸುತ್ತ ತೂಕ ಇದ್ದರೆ ಇಳಿಸಿ, ಉರಿ ತಗ್ಗಿಸುವುದರಲ್ಲಿ ಇದಕ್ಕೆ ಸಮ ಬಹಳ ಇಲ್ಲ. ಒಂದೇ ಸಲ ಹೊಟ್ಟೆ ಬಿರಿಯ ಉಣ್ಣಬೇಡಿ.

ಅಪ್ಪೆಹುಳಿ, ಮುರುಗಲು ನೀರು, ಸೋಲ್‌ಕಢಿ? ಕಿಡ್ನಿಯ ಲೆಕ್ಕದಲ್ಲಿ ಇವು ತೊಂದರೆಯೇ ಅಲ್ಲ. ಆದರೆ ಅನ್ನನಾಳ ಈಗಾಗಲೇ ಸುಲಿದಂತೆ ಆಗಿದ್ದರೆ ಹುಳಿ ಸೋಕಿದ ಕೂಡಲೇ ಉರಿಯುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ನಿಂಬೆ ನೀರು ಕುಡಿದು "ಕ್ಷಾರ ಮಾಡಿಕೊಳ್ಳುವ"ವರಿಗೂ ಇದೇ ಆಗುವುದು, ಜೊತೆಗೆ ಹಲ್ಲಿನ ಹೊರಪದರವೂ ಸವೆಯುತ್ತದೆ. ಎರಡು ವಾರ ಹುಳಿ ನಿಲ್ಲಿಸಿ ನೋಡಿ, ಉರಿ ತಗ್ಗಿದ ಮೇಲೆ ಊಟದ ನಡುವೆ ಅನ್ನಕ್ಕೆ ಕಲಸಿ ಸ್ವಲ್ಪ ಸ್ವಲ್ಪ ತಿನ್ನಿ. ಎಲ್ಲರಿಗೂ ಎಲ್ಲವೂ ಉರಿ ತರುವುದಿಲ್ಲ. ನಿಮ್ಮದು ಯಾವುದು ಎಂದು ಪುಸ್ತಕ ಹೇಳುತ್ತದೆ.

ಕವಳದ ಮಾತು ಎತ್ತಿದರೆ ಶಿರಸಿ–ಸಿದ್ದಾಪುರದ ನೆಂಟರು ಮುಖ ತಿರುಗಿಸುತ್ತಾರೆ, ಆದರೂ ಹೇಳಬೇಕು. "ಸುಣ್ಣ ಕ್ಷಾರ ಅಲ್ವಾ, ಕವಳ ಹಾಕಿದರೆ ಆಮ್ಲ ಸರಿ ಆಗುತ್ತೆ" ಎಂದು ಒಬ್ಬರು ವಾದಿಸಿದ್ದರು. ಸುಣ್ಣ ಕ್ಷಾರ ಹೌದು. ಆದರೆ ಹೊಗೆಸೊಪ್ಪು ಅನ್ನನಾಳದ ಆ ಬಿಗಿಯನ್ನು ಸಡಿಲ ಮಾಡುತ್ತದೆ, ಉರಿ ಮೇಲೇರುತ್ತದೆ. ಹೊಗೆಸೊಪ್ಪು, ಅಡಿಕೆ ಎರಡೂ ಬಾಯಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿವೆ. ಅಡಿಕೆ ಬೆಳೆಯುವ ಊರಿನಲ್ಲಿ ಕೂತು ಇದನ್ನು ಬರೆಯುವುದು ಸುಲಭ ಅಲ್ಲ.

6. ಎಡವುವ ಜಾಗಗಳು

ಅಡುಗೆ ಸೋಡಾ. ಒಂದು ಚಮಚ ನೀರಿಗೆ ಕದಡಿ ಕುಡಿದರೆ ಉರಿ ತಕ್ಷಣ ಇಳಿಯುತ್ತದೆ, ಸುಳ್ಳಲ್ಲ. ಆದರೆ ಒಂದು ಚಹಾ ಚಮಚ ಸೋಡಾದಲ್ಲಿ ಸುಮಾರು 1,200 ಮಿಲಿಗ್ರಾಂ ಸೋಡಿಯಂ ಇದೆ. ಇಡೀ ದಿನಕ್ಕೆ 2,000 ಮಿಲಿಗ್ರಾಂ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಿಪಿ, ಹೃದಯ, ಕಿಡ್ನಿ ತೊಂದರೆ ಇರುವವರಿಗೆ ಇದು ನೇರ ಅಪಾಯ. ಹಣ್ಣಿನ ಉಪ್ಪಿನ ಪೊಟ್ಟಣದಲ್ಲೂ ಇರುವುದು ಇದೇ ಸೋಡಾ. ಅಪರೂಪಕ್ಕೆ ಸರಿ, ದಿನಾ ಬೇಕಾಗುತ್ತಿದೆ ಎಂದರೆ ಒಳಗೆ ಬೇರೇನೋ ಇದೆ.

ಕ್ಷಾರದ ನೀರು. ಬಾಟಲಿಯ ಮೇಲೆ 8, 9 ಎಂದು ಬರೆದಿರುತ್ತಾರೆ. ಕಾರವಾರದ ಕಡಲ ನೀರೂ 8ರ ಆಸುಪಾಸೇ, ಪಿಎಚ್ ಅಷ್ಟಕ್ಕೇ ಮಹಾ ಗುಣ ಅಲ್ಲ. ಆ ನೀರು ಹೊಟ್ಟೆಗೆ ಇಳಿದರೆ ಅಲ್ಲಿನ ಆಮ್ಲದ ಮುಂದೆ ಅದರ ಆಟ ನಡೆಯುವುದಿಲ್ಲ. ಬಾವಿ ನೀರು ಕುದಿಸಿ ಕುಡಿಯಿರಿ.

ಗುಳಿಗೆ ತಾನೇ ನಿಲ್ಲಿಸುವುದು. ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಥರದ ಮಾತ್ರೆ ತಿಂಗಳುಗಟ್ಟಲೆ ತೆಗೆದುಕೊಂಡವರು ದಿಢೀರ್ ಬಿಟ್ಟರೆ ಕೆಲವು ವಾರ ಆಮ್ಲ ಮೊದಲಿಗಿಂತ ಜಾಸ್ತಿ ಉಕ್ಕುತ್ತದೆ. "ಡಯಟ್ ಫಲಿಸಲಿಲ್ಲ" ಎಂದು ಆಗ ಕೈಬಿಡುತ್ತಾರೆ. ಡಾಕ್ಟರ ಹತ್ತಿರ ಕೇಳಿ ನಿಧಾನ ಇಳಿಸಿ.

ಕ್ಷಾರದಲ್ಲಿ ಕ್ಯಾನ್ಸರ್ ಬದುಕುವುದಿಲ್ಲ ಎನ್ನುವ ಮಾತು. ಊಟದಿಂದ ರಕ್ತದ ಪಿಎಚ್ ಬದಲಾಗುವುದೇ ಇಲ್ಲ ಎಂದ ಮೇಲೆ ಈ ಮಾತು ನಿಲ್ಲುವುದೆಲ್ಲಿ? ಯಾರಾದರೂ ಚಿಕಿತ್ಸೆ ಬಿಟ್ಟು ಇದನ್ನು ಮಾಡಲು ಹೇಳಿದರೆ ಅವರಿಂದ ದೂರ ಇರಿ. ಹಾಗೆಯೇ ಸಕ್ಕರೆ ಕಾಯಿಲೆಯವರಿಗೆ ವಾಂತಿ, ಜೋರು ಉಸಿರು, ಬಾಯಲ್ಲಿ ಕೊಳೆತ ಹಣ್ಣಿನ ವಾಸನೆ ಬಂದರೆ ಅದು ರಕ್ತಕ್ಕೆ ನಿಜವಾಗಿ ಆಮ್ಲ ಏರಿದ ಲಕ್ಷಣ. ಎಳನೀರು ಕುಡಿಸುತ್ತಾ ಕೂರದೆ ಆಸ್ಪತ್ರೆಗೆ ಹೋಗಿ.

ಮೂತ್ರಕ್ಕೆ ಪಿಎಚ್ ಕಾಗದದ ಪಟ್ಟಿ ಅದ್ದಿ ದಿನಾ ಬಣ್ಣ ನೋಡುವುದು. ನೋಡಿದರೆ ತಪ್ಪೇನಿಲ್ಲ. ಆದರೆ ಬಣ್ಣ ಬದಲಾದರೆ ಕಿಡ್ನಿ ತನ್ನ ಕೆಲಸ ಮಾಡುತ್ತಿದೆ ಎಂದು ಗೊತ್ತಾಗುತ್ತದೆ, ನಿಮ್ಮ ರಕ್ತದ ಸುದ್ದಿ ಅದರಲ್ಲಿ ಇಲ್ಲ. ಒಬ್ಬರು ಬೆಳಗಿನ ಮೂತ್ರ 5.5 ಬಂತೆಂದು ಗಾಬರಿಯಾಗಿ ಫೋನ್ ಮಾಡಿದ್ದರು. ರಾತ್ರಿಯಿಡೀ ಸೇರಿದ ಮೂತ್ರ ಹಾಗೇ ಇರುತ್ತದೆ.

7. ನಾಲ್ಕು ವಾರ ಆದ ಮೇಲೆ

ಪುಸ್ತಕದ ಮೊದಲ ವಾರ, ನಾಲ್ಕನೇ ವಾರ ಅಕ್ಕಪಕ್ಕ ಇಟ್ಟು ನೋಡಿ. ಉರಿ ಬಂದ ದಿನಗಳು ಎಷ್ಟು, ಹೊಟ್ಟೆ ಸಲೀಸಾಗಿ ಹೋಗುತ್ತಿದೆಯಾ, ಸೊಂಟದ ಸುತ್ತಳತೆ ಎಷ್ಟು. ಬಿಪಿ ಇರುವವರು ಅದನ್ನೂ ನೋಡಿಸಿ, ಸೊಪ್ಪು–ಹಣ್ಣು ಹೆಚ್ಚಿ ಉಪ್ಪು ಇಳಿದರೆ ಅಲ್ಲೂ ಫರಕು ಕಾಣಬಹುದು. ಸುಧಾರಿಸಿದ್ದರೆ ಹೀಗೇ ಮುಂದುವರಿಸಿ. ಮದುವೆ ಮನೆಯ ಊಟಕ್ಕೆ ಲೆಕ್ಕ ಬೇಡ, ಆದರೆ ಅಂದು ರಾತ್ರಿ ಗಂಜಿ ಸಾಕು.

ಏನೂ ಬದಲಾಗಿಲ್ಲ ಎಂದರೆ ಇನ್ನೊಂದು ಡಯಟ್ ಹುಡುಕಬೇಡಿ. ಆ ಪುಸ್ತಕ ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋಗಿ. ಯಾವ ಗುಳಿಗೆ ಎಷ್ಟು ದಿನದಿಂದ ಎಂದು ಕೊನೆಯ ಹಾಳೆಯಲ್ಲಿ ಬರೆದಿರಲಿ. ಮಂಡಿನೋವಿಗೆ ಅಂಗಡಿಯಿಂದ ತರುವ ಮಾತ್ರೆಯನ್ನೂ ಸೇರಿಸಿ, ಅದನ್ನು ಹೇಳಲು ಹೆಚ್ಚಿನವರು ಮರೆಯುತ್ತಾರೆ.